ಸುಟ್ಟ ಹೊಲಕ್ಕೆ ಬಂದ ಎರಡು ಸಾವಿರ ಕುರಿ

ಒಟ್ಟು ಖರ್ಚು ಇಷ್ಟು: ಒಂದು ಎಕರೆಯ ಡ್ರಿಪ್ ಪೈಪು, ಎರಡು ಬಣವಿ ಕಣಕಿ ಎಂದರೆ ಜೋಳದ ಒಣ ದಂಟಿನ ಮೇವು, ನನ್ನ ಎಡಗಣ್ಣಿನ ಮೇಲಿನ ಹುಬ್ಬು, ಮತ್ತು ಅಕ್ಕನ ಹಿಂಡಿನ ಮೂರು ಮರಿ. ಹುಬ್ಬು ಎರಡು ತಿಂಗಳಲ್ಲಿ ಮರಳಿ ಬಂತು. ಪೈಪು ಗೋಕಾಕದಿಂದ ಮತ್ತೆ ತಂದೆ; ಅಂಗಡಿಯವನ ಜೊತೆ ಎರಡು ತಾಸು ಜಗ್ಗಾಡಿದೆ, ಅವನು ಬೇಸತ್ತು ಜೋಡಿಸುವ ಸಾಮಾನನ್ನು ಪುಕ್ಕಟೆ ಕೊಟ್ಟ. ಕಣಕಿಯ ದುಃಖ ಮಳೆಗಾಲದವರೆಗೆ ಇತ್ತು. ಮರಿಗಳ ಮಾತು ಬಂದರೆ ಅಕ್ಕ ಇವತ್ತಿಗೂ ನನ್ನ ಮುಖ ನೋಡದೆ ಎದ್ದು ಹೋಗುತ್ತಾಳೆ.

ಯಾಕೆ ಇಷ್ಟು ಖರ್ಚಾಯಿತೆಂದರೆ, ಎರಡು ಸಾವಿರ ಕುರಿಗಳ ದಂಡು ನಮ್ಮೂರಿನ ಕಡೆ ಬರುತ್ತಿತ್ತು. ಅದು ಬಂದು ತಿನ್ನುವ ಮೊದಲೇ ನಮ್ಮ ಹೊಲಗಳಲ್ಲಿ ತಿನ್ನುವಂಥದ್ದು ಏನೂ ಉಳಿಯಬಾರದು ಎಂದು ನಾನು ತೀರ್ಮಾನ ಮಾಡಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ. ನನಗೆ ಕೇಳದೆಯೇ ಹೇಳುವ ಅಭ್ಯಾಸವಿದೆ.

ನಮ್ಮದು ಕುರಿ ಕಾಯುವ ಮನೆತನ. ನಾನು ಹದಿನಾರನೇ ವಯಸ್ಸಿಗೇ ಕುರಿ ಬಿಟ್ಟೆ. ಘಟಪ್ರಭಾ ಸ್ಟೇಷನ್ನಿನ ಹೊರಗೆ ಚೀಲ ಹೊತ್ತೆ, ಆಮೇಲೆ ಚೀಲ ಹೊರುವವರನ್ನು ಒದಗಿಸಿದೆ, ಆಮೇಲೆ ಚೀಲದೊಳಗಿನ ಮಾಲನ್ನೇ ಕೊಂಡು ಮಾರಿದೆ. ಈಗ ನಾಗನೂರಿನ ಹತ್ತಿರ ನಾಲ್ಕು ಎಕರೆ ಹೊಲ, ಒಂದು ಟ್ರ್ಯಾಕ್ಟರ್, ಅದರ ಹಿಂದೆ ಬಾಡಿಗೆಗೆ ಹೊಡೆಯುವ ಒಂದು ರೋಟಾವೇಟರ್ ಇವೆ. ಅಕ್ಕ ಮಾತ್ರ ಕುರಿ ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೆ ತನ್ನ ಪಾಲಿನ ಎಂಬತ್ತು ಕುರಿ ಹೊಡೆದುಕೊಂಡು ತವರಿಗೆ ಬಂದಳು. ನನ್ನ ಮನೆಯಲ್ಲಿ ಇರು ಎಂದರೆ, "ನಿನ್ನ ಮನ್ಯಾಗ ನನಗ ಜಾಗಾ ಐತಿ, ಕುರಿಗಿಲ್ಲ" ಎಂದು ಊರ ಹೊರಗೆ ತಗಡಿನ ಚಪ್ಪರ ಹಾಕಿಕೊಂಡಳು.

ಅವಳ ವರ್ಷದ ಕಾಳು ಬರುವುದು ಚಳಿಗಾಲದ ಎರಡು ತಿಂಗಳಲ್ಲಿ. ಗೋವಿನಜೋಳ ಮುರಿದು, ಕಬ್ಬು ಕಡಿದು ಹೊಲ ಖಾಲಿಯಾದ ಮೇಲೆ ರೈತರು ಕುರಿ ತರುಬಿಸುತ್ತಾರೆ. ಹಿಂಡು ಹಗಲೆಲ್ಲ ಅಲ್ಲಿ ಕೂಳೆ ಮೇಯುತ್ತದೆ, ರಾತ್ರಿ ಅದೇ ಹೊಲದಲ್ಲಿ ಬಲೆಯ ಬೇಲಿಯೊಳಗೆ ಮಲಗುತ್ತದೆ. ಅದರ ಹಿಕ್ಕಿ, ಉಚ್ಚೆ ನೆಲಕ್ಕೆ ಗೊಬ್ಬರ. ಬದಲಿಗೆ ರೈತ ಕುರಿಯವರಿಗೆ ಕಾಳು ಕೊಡುತ್ತಾನೆ, ಊಟ ಕೊಡುತ್ತಾನೆ. ನಮ್ಮೂರಿನ ಮೂವತ್ತು ಮನೆಗಳ ಹೊಲಕ್ಕೆ ಸರದಿಯ ಮೇಲೆ ಅಕ್ಕನ ಹಿಂಡೇ ನಿಲ್ಲುತ್ತಿತ್ತು. ಆ ಸರದಿ ಹೋದರೆ ಅವಳು ಹಿಂಡು ಮಾರಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕೊಯ್ತ ಹಿಡಿಯಬೇಕು. ಇದನ್ನು ಅವಳು ಅಳುತ್ತ ಹೇಳಲಿಲ್ಲ. ರೊಟ್ಟಿ ಬಡಿಯುತ್ತ ಹೇಳಿದಳು. ಅದಕ್ಕೇ ನನಗೆ ಹೆಚ್ಚು ತಾಗಿತು.

ಆ ಸರದಿಯ ಮೇಲೆ ಕಣ್ಣು ಹಾಕಿದವನು ಹೊರಗಿನ ಒಬ್ಬ ಮಾಲಕ. ಕುರಿ ಕಾದವನಲ್ಲ, ಕುರಿ ಕೊಂಡವನು. ಸಣ್ಣ ಸಣ್ಣ ಹಿಂಡಿನವರ ಕುರಿಗಳನ್ನೆಲ್ಲ ಖರೀದಿಸಿ, ಆ ಕುರಿಗಳ ಹಳೆಯ ಒಡೆಯರನ್ನೇ ಪಗಾರಕ್ಕೆ ಇಟ್ಟುಕೊಂಡು, ಎರಡು ಸಾವಿರ ಕುರಿಗಳನ್ನು ಹುಕ್ಕೇರಿಯ ಕಡೆಯಿಂದ ಊರೂರು ಮೇಯಿಸುತ್ತ ಬರುತ್ತಿದ್ದ. ಮುಂದೆ ಒಬ್ಬನನ್ನು ಬೈಕಿನ ಮೇಲೆ ಕಳಿಸಿ ಊರವರಿಗೆ ಹೇಳಿಸುತ್ತಿದ್ದ: ಕಾಳು ಬೇಡ, ಊಟ ಬೇಡ, ಪುಕ್ಕಟೆ ತರುಬುತ್ತೇನೆ, ಇಪ್ಪತ್ತು ದಿವಸ ಹೊಲ ಬಿಟ್ಟುಕೊಟ್ಟರೆ ಸಾಕು.

ಪುಕ್ಕಟೆ ಎಂಬ ಮಾತು ಕೇಳಿದರೆ ನನಗೆ ಮೈ ತುರಿಸುತ್ತದೆ. ಇಪ್ಪತ್ತು ವರ್ಷ ಕೊಳ್ಳುವುದು ಮಾರುವುದು ಮಾಡಿದ್ದೇನೆ. ಪುಕ್ಕಟೆ ಕೊಟ್ಟವನ ಮನೆಯಲ್ಲಿ ತಕ್ಕಡಿ ಯಾವಾಗಲೂ ದೊಡ್ಡದಿರುತ್ತದೆ. ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಹಿಂದಿನ ವರ್ಷ ಆ ಹಿಂಡು ನಿಂತಿದ್ದ ಊರಿನ ಒಬ್ಬ ರೈತನನ್ನು ಚಹಾದಂಗಡಿಯಲ್ಲಿ ಹಿಡಿದು ಕೂರಿಸಿದೆ.

"ಹೋದ ವರ್ಷ ಪುಕ್ಕಟೆ ಅಂದಿದ್ದನ್ರಿ," ಅಂದ ಅವನು, "ಈ ವರ್ಷ ಎಕರೆಕ್ಕ ಇಷ್ಟು ಕೊಡ್ರಿ ಅಂತಾನ."

"ಬ್ಯಾಡ ಅನ್ರಲ್ಲ."

"ಬ್ಯಾಡ ಅಂದ್ರ ಬ್ಯಾರೆ ಕುರಿಯವರು ಎಲ್ಲಿ ಅದಾರ್ರಿ? ಇದ್ದವ್ರೆಲ್ಲ ಕುರಿ ಅವಗ ಮಾರಿ ಅವನ ಕಡೇನ ಪಗಾರಕ್ಕ ಅದಾರ."

ಅವನು ಚಹಾ ಕುಡಿದ, ದುಡ್ಡು ನಾನು ಕೊಟ್ಟೆ. ಆ ವಿಷಯಕ್ಕೆ ಅದು ಸೋವಿಯೇ.

ವಾಪಸು ಬರುವಾಗ ಘಟಪ್ರಭಾದಲ್ಲಿ ಬಸ್ಸಿಗೆ ಒಂದು ತಾಸು ಕಾಯಬೇಕಾಯಿತು. ಮೊಬೈಲಿನಲ್ಲಿ ತಾನಾಗಿಯೇ ಒಂದು ವಿಡಿಯೊ ಬಂತು. ಹಿಂದಿನ ಕಾಲದ ಯಾವುದೋ ದೊಡ್ಡ ಸೇನಾಪತಿ ಹಿಮ ಬೀಳುವ ದೇಶದ ಮೇಲೆ ಏರಿ ಹೋದನಂತೆ. ಆ ದೇಶದವರು ಎದುರು ನಿಂತು ಕಾದಾಡಲಿಲ್ಲ. ತಮ್ಮದೇ ಕಾಳು, ಮೇವು, ಮನೆ ಎಲ್ಲ ಸುಟ್ಟು ಹಿಂದೆ ಹಿಂದೆ ಸರಿದರು. ಮೊದಲು ಸೈನ್ಯದ ಕುದುರೆಗಳು ಬಿದ್ದವು. ಕುದುರೆ ಬಿದ್ದ ಮೇಲೆ ಗಾಡಿ ನಿಂತಿತು, ಗಾಡಿ ನಿಂತ ಮೇಲೆ ಸೈನಿಕನ ಊಟ ನಿಂತಿತು. ಮೇವು ಹುಡುಕಲು ಚದುರಿ ಹೋದವರು ಒಬ್ಬೊಬ್ಬರೇ ಸಿಕ್ಕಿಬಿದ್ದರು. ತಿರುಗಿ ಹೋಗೋಣವೆಂದರೆ ಬಂದ ದಾರಿಯನ್ನೂ ತಾವೇ ತಿಂದು ಮುಗಿಸಿದ್ದರು.

ನಾನು ಬೆಂಚಿನ ಮೇಲಿಂದ ಎದ್ದು ನಿಂತೆ. ಈ ಸೈನ್ಯವೆಲ್ಲ ಕಾಲಿನ ಮೇಲೆ ನಡೆಯುವ ಹೊಟ್ಟೆ. ಹುಕ್ಕೇರಿಯಿಂದ ಬರುವುದೂ ಅದೇ, ಎಂಟು ಸಾವಿರ ಕಾಲಿನ ಮೇಲೆ ಎರಡು ಸಾವಿರ ಹೊಟ್ಟೆ. ಅಷ್ಟರಲ್ಲಿ ಬಸ್ಸು ಬಂತು, ಸೀಟು ಸಿಗಲಿಲ್ಲ. ಒಬ್ಬ ಸೇನಾಪತಿ ನಾಗನೂರಿನವರೆಗೆ ನಿಂತುಕೊಂಡೇ ಬಂದ.

ಮರುದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ಊರವರನ್ನು ಸೇರಿಸಿದೆ. ಹಿಂಡು ಬರಲು ಹತ್ತು ದಿನವಿತ್ತು. ಹುಕ್ಕೇರಿಯ ರೈತ ಹೇಳಿದ್ದನ್ನು ಹೇಳಿದೆ, ವಿಡಿಯೊ ತೋರಿಸಿದೆ, ವೈರಿ ಖರ್ಚು ಮಾಡಿ ಮಾಡಿಯೇ ಸೋಲಬೇಕು ಎಂದೆ. ನನ್ನ ಬಾಜೂ ಹೊಲದ ಕಾಕಾ ಎಲೆ ಅಡಿಕೆ ಅಗಿಯುತ್ತ ಕೇಳಿದ:

"ಏನೇನ್ ಸುಡೂದು?"

"ಕೂಳಿ, ಕಬ್ಬಿನ ರವದಿ, ಬದುವಿನ ಹುಲ್ಲು. ಕುರಿ ಬಾಯಿಗೆ ಒಂದು ಕಡ್ಡಿ ಸಿಗಬಾರದು."

"ಯಾರ ಹೊಲದ್ದು?"

"ನಮ್ಮದ, ಕಾಕಾ."

"ಅವನ ಗಾಡಿ ಸುಟ್ರ ಆಗೂದಿಲ್ಲೇನು?"

"ಅವಂದು ಸುಟ್ರ ಪೊಲೀಸ್ ಕೇಸ್ ಆಕ್ಕೈತಿ. ನಮ್ದು ಸುಟ್ರ ಯುದ್ಧ ಆಕ್ಕೈತಿ."

ಕಾಕಾ ಉಗುಳಿ ಬಂದು ಕೂತ. "ಅಂದ್ರ ಯುದ್ಧದಾಗ ಲುಕ್ಸಾನ ನಮಗ?"

ಸುಡಲು ಮನಸ್ಸಿಲ್ಲದವರು ರೋಟಾವೇಟರ್ ಹೊಡೆಸಿ ಕೂಳೆ ಮಣ್ಣಲ್ಲಿ ಮುಚ್ಚಿಸಿರಿ, ಅದೂ ಆದೀತು ಎಂದೆ. ಅಲ್ಲಿಗೆ ಸಭೆ ಕೆಟ್ಟಿತು. ಹಿಂದಿನಿಂದ ಯಾರೋ ಕೂಗಿದರು: "ಈಗ ಬಂತ ನೋಡ್ರಿ ಖರೆ ಮಾತ! ರೋಟಾವೇಟರ್ ಓಡ್ಲಿ ಅಂತ ಯುದ್ಧ ಹೂಡ್ಯಾರ ಸಾಹೇಬ್ರು!" ಎಲ್ಲರೂ ನಕ್ಕರು. ಎಲ್ಲಕ್ಕಿಂತ ಹೆಚ್ಚು ಅಕ್ಕ ನಕ್ಕಳು.

ಪೂರ್ತಿ ಸುಳ್ಳಲ್ಲ ಅದು, ಆದ್ದರಿಂದಲೇ ಸಿಟ್ಟು ಬಂತು. "ರೋಟಾವೇಟರ್ ಮುಟ್ಟೂದಿಲ್ಲ ನಾನು. ನನ್ನ ನಾಕೂ ಎಕರೆ ಸುಡ್ತೀನಿ, ಎಲ್ಲಾರಕಿಂತ ಮೊದಲ ಸುಡ್ತೀನಿ" ಎಂದು ಕಟ್ಟೆ ಗುದ್ದಿ ಹೇಳಿದೆ. ವ್ಯಾಪಾರದಲ್ಲಿ ಸಿಟ್ಟಿನಿಂದ ಹೇಳಿದ ದರಕ್ಕೆ ಎಂದೂ ನಿಲ್ಲಬಾರದು. ಅವತ್ತು ನಿಂತೆ. ಊರವರೂ ಕೈ ಎತ್ತಿದರು: ಎಲ್ಲರೂ ಸುಡುತ್ತೇವೆ.

ಯೋಜನೆಯ ಇನ್ನೊಂದು ಭಾಗ ಅಕ್ಕನ ಹಿಂಡನ್ನು ಹಿಂದಕ್ಕೆ ಸರಿಸುವುದು. ಮೂಡಲಗಿ ರಸ್ತೆಯಲ್ಲಿ ನನಗೆ ಗುರುತಿನ ರೈತನೊಬ್ಬನ ಹನ್ನೆರಡು ಎಕರೆ ಕಬ್ಬು ಕಡಿಯುವುದಿತ್ತು. ಕಡಿದ ಕಬ್ಬಿನ ಹಸಿರು ತುದಿ, ನಾವು ವಾಡಿ ಎನ್ನುತ್ತೇವೆ, ಅದು ಕುರಿಗೆ ಹಬ್ಬ. ಅವನೊಡನೆ ಮಾತಾಡಿ ಇಪ್ಪತ್ತು ದಿನಕ್ಕೆ ಕುದುರಿಸಿದೆ: ಕುರಿ ಅವನ ಹೊಲದಲ್ಲಿ ಮಲಗಬೇಕು, ವಾಡಿ ಅಕ್ಕನದು.

ದಂಡು ಬರಲು ನಾಲ್ಕು ದಿನವಿರುವಾಗ ಅಕ್ಕ ಹೊರಟಳು. ಹೊರಡುವಾಗ ಕೇಳಿದಳು: "ಎಲ್ಲಾ ಸುಡ್ತಿಯೇನು?"

"ಎಲ್ಲಾ."

"ನಡುವ ನಾ ತಿರುಗಿ ಬಂದ್ರ?"

"ಯಾಕ ಬರ್ತಿ? ಇಪ್ಪತ್ತು ದಿವಸಕ್ಕ ಮಾತಾಡೇನಿ."

"ಮಾತು ಕುರಿ ತಿನ್ನೂದಿಲ್ಲೋ ತಮ್ಮಾ," ಎಂದು ಕುರಿಗಳನ್ನು ಹೊಡೆದುಕೊಂಡು ಹೋದಳು. ಹೆಂಗಸರಿಗೆ ಯುದ್ಧಶಾಸ್ತ್ರ ತಿಳಿಯುವುದಿಲ್ಲ ಎಂದು ನಾನು ಅಂದುಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಅಂದುಕೊಂಡದ್ದು ಹೌದು.

ಬೆಂಕಿ ಹಚ್ಚಿದ್ದು ಮರುದಿನ ಮಧ್ಯಾಹ್ನ. ಒಂದು ಎಕರೆಯಲ್ಲಿ ಹಳೆಯ ಕಬ್ಬು ಕಡಿದಾಗಿತ್ತು. ಮೊಣಕಾಲೆತ್ತರ ಬಿದ್ದ ಒಣ ಎಲೆಯ ರವದಿಯ ಕೆಳಗೆ ಡ್ರಿಪ್ ಪೈಪು ಹಾಗೆಯೇ ಮಲಗಿತ್ತು. ಉಳಿದ ಹೊಲದ ಪೈಪನ್ನು ನಾನೇ ಸುತ್ತಿ ಮನೆಗೆ ಒಯ್ದಿದ್ದೆ, ಇದನ್ನು ಮರೆತಿದ್ದೆ. ಕರಿ ಹೊಗೆ ಎದ್ದಾಗ, ವಾಸನೆ ಬಂದಾಗ ನೆನಪಾಯಿತು. ಎಳೆಯಲು ಓಡಿದೆ. ಅಲ್ಲಿ ಹುಬ್ಬು ಹೋಯಿತು. ಅಷ್ಟರಲ್ಲಿ ಗಾಳಿ ತಿರುಗಿತು, ಬೆಂಕಿ ಬದುವಿನ ಹುಲ್ಲು ಹಿಡಿದು ನನ್ನ ಕಣಕಿ ಬಣವಿಗಳ ಕಡೆ ನಡೆಯಿತು. ಎರಡೂ ಬಣವಿ ಒಂದಾದ ಮೇಲೊಂದು ಧಗ್ಗನೆ ಎದ್ದವು. ಕಾಕಾ ತನ್ನ ಹೊಲದ ಬದುವಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ.

"ತಮ್ಮಾ," ಅಂದ, "ವೈರಿ ಇನ್ನೂ ಹುಕ್ಕೇರಿ ದಾಟಿಲ್ಲ. ನೀ ಆಗಲೇ ಸೋತಂಗ ಕಾಣ್ತಿ."

"ನಿಮ್ದು ಯಾವಾಗ ಸುಡ್ತೀರಿ ಕಾಕಾ?"

"ನಾಳಿ ನೋಡೂನು. ಇವತ್ತ ಗಾಳಿ ಭಾಳ ಐತಿ."

ಹತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ದಂಡು ಬಂತು. ರಸ್ತೆ ತುಂಬ ಕುರಿ. ಅರಭಾವಿಯ ಕಾಲೇಜಿಗೆ ಹೋಗುವ ಬಸ್ಸು ಅರ್ಧ ತಾಸು ಹಾರ್ನು ಹೊಡೆಯುತ್ತ ನಿಂತಿತು. ಹಿಂದೆ ಒಂದು ಗೂಡ್ಸ್ ಗಾಡಿ, ಅದರಲ್ಲಿ ಬಲೆ, ಪಾತ್ರೆ, ನಡೆಯಲಾರದ ಮರಿಗಳು. ಎಲ್ಲರ ಹಿಂದೆ ಬೈಕಿನ ಮೇಲೆ ಬಿಳಿ ಅಂಗಿ ಹಾಕಿದ ಮಾಲಕ. ನನ್ನ ಕರಿ ಹೊಲದ ಎದುರು ಬೈಕು ನಿಲ್ಲಿಸಿದ.

"ಏನ್ರಿ ಇದು, ಸುಡುಗಾಡ ಇದ್ದಂಗ ಐತಿ?"

"ಬೆಂಕಿ ಹತ್ತಿತ್ರಿ."

ನನ್ನ ಮುಖವನ್ನು ಸರಿಯಾಗಿ ನೋಡಿದ. "ನಿಮ್ಮ ಹುಬ್ಬಿಗೂ ಹತ್ತಿತ್ತೇನ್ರಿ?" ಎಂದು ನಕ್ಕು ಮುಂದೆ ಹೋದ. ಒಳ್ಳೆಯ ಮಾತುಗಾರ. ಬೇರೆ ಸಮಯದಲ್ಲಿ ಸಿಕ್ಕಿದ್ದರೆ ಅವನ ಜೊತೆ ಒಂದು ಧಂದೆ ಮಾಡಬಹುದಿತ್ತು.

ನಾನು ಬೈಕು ಹತ್ತಿ ಊರ ಹೊಲಗಳನ್ನು ಸುತ್ತಿದೆ. ಆಗ ಗೊತ್ತಾಯಿತು ನಮ್ಮ ಯುದ್ಧದ ಹಕೀಕತ್ತು. ಕೈ ಎತ್ತಿದ್ದ ಮೂವತ್ತು ಮನೆಯವರಲ್ಲಿ ಪೂರ್ತಿ ಸುಟ್ಟವನು ನಾನೊಬ್ಬನೇ. ಉಳಿದವರೆಲ್ಲ ರಸ್ತೆಗೆ ಕಾಣುವಷ್ಟು ಸುಟ್ಟು, ಹಿಂದೆ ಒಂದೊಂದು ಪಟ್ಟಿ ಉಳಿಸಿಕೊಂಡಿದ್ದರು. ಅರ್ಧ ಎಕರೆ, ಕಾಲು ಎಕರೆ, ಬಾವಿಯ ಬದಿಗೆ ಹತ್ತು ಸಾಲು. ಎಲ್ಲರ ಮನಸ್ಸಿನಲ್ಲೂ ಒಂದೇ ಲೆಕ್ಕ: ಊರು ಸುಡಲಿ, ನನ್ನ ಪಟ್ಟಿಗೆ ಮಾತ್ರ ಪುಕ್ಕಟೆ ಗೊಬ್ಬರ ಬೀಳಲಿ. ಒಬ್ಬನಂತೂ ನನ್ನೆದುರೇ ಕುರಿ ಕಾಯುವವನನ್ನು ಕರೆಯುತ್ತಿದ್ದ: "ಬರ್ರಿ ಬರ್ರಿ, ಇಲ್ಲಿ ಒಂದ್ ನೂರು ಕುರಿಗೆ ಆಕ್ಕೈತಿ." ನನ್ನನ್ನು ಕಂಡು, "ಸುಡಾಕ ಕಡ್ಡಿಪೆಟ್ಟಿಗಿ ಸಿಗಲಿಲ್ರಿ" ಎಂದ.

ಮನೆಗೆ ಬಂದು ಊಟ ಬಿಟ್ಟು ಮಲಗಿದೆ. ಊಟ ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಎಂದು ನೆನಪಾಗಿ ಎದ್ದು ಉಂಡೆ.

ಆದರೆ ದಂಡು ಬಂದ ಮೂರನೆಯ ದಿನ ನಾನು ನೋಡಿದ್ದೇ ಬೇರೆ. ಎರಡು ಸಾವಿರ ಕುರಿ ಒಟ್ಟಿಗೆ ನಿಲ್ಲುವ ಜಾಗ ಊರಿನಲ್ಲಿ ಎಲ್ಲೂ ಇರಲಿಲ್ಲ. ಪಟ್ಟಿಗಳೆಲ್ಲ ಸಣ್ಣವು, ಒಂದಕ್ಕೊಂದು ದೂರ, ನಡುವೆ ಕರಿ ನೆಲ. ಮಾಲಕ ಹಿಂಡನ್ನು ಎಂಟು ತುಂಡು ಮಾಡಬೇಕಾಯಿತು. ಅವನ ಬಲೆ ನಾಲ್ಕು ತುಂಡಿಗೆ ಸಾಕಾಗುವಷ್ಟಿತ್ತು. ಅಡಿಗೆ ಮಾಡುವ ಗಾಡಿ ಒಂದೇ. ಅದು ಎಂಟು ಕಡೆ ತಿರುಗುವಷ್ಟರಲ್ಲಿ ಬೆಳಗಿನ ರೊಟ್ಟಿ ಮಧ್ಯಾಹ್ನಕ್ಕೆ ಮುಟ್ಟುತ್ತಿತ್ತು, ಮಧ್ಯಾಹ್ನದ್ದು ಮುಟ್ಟುತ್ತಲೇ ಇರಲಿಲ್ಲ. ಒಂದು ಪಟ್ಟಿ ಅರ್ಧ ದಿನಕ್ಕೆ ಮುಗಿದರೆ ಇನ್ನೊಂದಕ್ಕೆ ಎರಡು ಮೈಲಿ ನಡೆಯಬೇಕು. ಮೇದದ್ದೆಲ್ಲ ನಡಿಗೆಗೇ ಹೋಗುತ್ತಿತ್ತು. ನಾನು ದಿನಾ ಬೆಳಿಗ್ಗೆ ಹೋಗಿ ಹಿಕ್ಕಿ ನೋಡುತ್ತಿದ್ದೆ. ಮೊದಲ ದಿನ ಕಡಲೆಯಷ್ಟಿದ್ದದ್ದು ಐದನೆಯ ದಿನ ಒಣಗಿದ ಮೆಣಸಿನ ಕಾಳಿನಷ್ಟಾಗಿತ್ತು. ಕುರಿಯ ಮಾಲಕ ಏನೇ ಬೊಗಳೆ ಬಿಡಲಿ, ಹಿಕ್ಕಿ ಸುಳ್ಳು ಹೇಳುವುದಿಲ್ಲ.

ಊರವರು ನನ್ನ ಮಾತು ಕೇಳಿ ಪೂರ್ತಿ ಸುಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಆಗ ತಲೆಗೆ ಹತ್ತಿತು. ಒಂದು ಕಡ್ಡಿಯೂ ಸಿಗದಿದ್ದರೆ ಮಾಲಕ ಮೊದಲ ದಿನವೇ, ಗಟ್ಟಿ ಕುರಿಗಳೊಡನೆ, ಒಂದೇ ಹಿಂಡಾಗಿ ಮೂಡಲಗಿ ರಸ್ತೆ ಹಿಡಿದು ಅಕ್ಕ ನಿಂತ ಹೊಲಕ್ಕೇ ಹೋಗಿ ನಿಲ್ಲುತ್ತಿದ್ದ. ಇಲ್ಲಿ ಸಿಕ್ಕ ಅಷ್ಟಿಷ್ಟು ಅವನನ್ನು ಬಿಟ್ಟುಹೋಗಲು ಬಿಡಲಿಲ್ಲ, ಇದ್ದು ಉಣ್ಣಲೂ ಬಿಡಲಿಲ್ಲ. ನನ್ನ ಊರವರ ಆಸೆಬುರುಕತನ ನನ್ನ ಯೋಜನೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಚಹಾದಂಗಡಿಯಲ್ಲಿ ಯಾರಾದರೂ ಕೇಳಿದರೆ, ಪಟ್ಟಿ ಉಳಿಸಿದ್ದೂ ನನ್ನದೇ ಉಪಾಯ ಎಂದು ಹೇಳತೊಡಗಿದೆ. ಯಾರೂ ಇಲ್ಲವೆನ್ನಲಿಲ್ಲ, ಅವರಿಗೂ ಅದು ಅನುಕೂಲವಾಗಿತ್ತು.

ಏಳನೆಯ ದಿನ ಕುರಿ ಕಾಯುವ ಒಬ್ಬ ಮುದುಕ ನನ್ನ ಮನೆಯ ಬಾಗಿಲಿಗೆ ಬಂದ. "ಯಪ್ಪಾ, ಒಂಚೂರು ಮಜ್ಜಿಗಿ ಐತೇನ್ರಿ?" ಎಂದ. ವೈರಿಯ ಸೈನಿಕ. ಕೊಡಬಾರದು. ಹೆಂಡತಿ ನನ್ನನ್ನು ಕೇಳದೆ ಮಜ್ಜಿಗೆಯ ಜೊತೆ ಎರಡು ರೊಟ್ಟಿಯನ್ನೂ ತಂದಿಟ್ಟಳು. ಉಣ್ಣುತ್ತಿದ್ದವನ ಹತ್ತಿರ ಕೂತು ನಿಧಾನವಾಗಿ ಮಾತು ತೆಗೆದೆ.

"ಎಷ್ಟು ಕುರಿ ನಿಮ್ಮ ಕಡೆ?"

"ಎರಡನೂರಾ ಐವತ್ತು. ಅದ್ರಾಗ ಎಪ್ಪತ್ತು ನನ್ನವ ಇದ್ದುವು. ಕಿವಿ ಸೀಳಿದ ಗುರುತು ಇನ್ನೂ ಹಂಗ ಐತಿ. ಈಗ ಅವನ್ನ ಕಾಯಾಕ ನನಗ ಪಗಾರ."

"ಪಗಾರ ಸರಿಯಾಗಿ ಕೊಡ್ತಾನಿಲ್ಲೋ?"

"ಕೊಡ್ತಾನ. ರೊಟ್ಟಿ ಕೊಡೂದ ಮರ್ತಾನ." ಮುದುಕ ನಕ್ಕ. "ನಲವತ್ತು ಕುರಿ ಈಯಾಕ ಬಂದಾವು. ಹೊಟ್ಟಿ ಹೊತ್ಕೊಂಡು ಇನ್ನ ಎಷ್ಟು ನಡದಾವು? ಕೇಳಿದ್ರ, ನಡಸ್ರಿ ಅಂತಾನ. ಕುರಿ ಕಾದಾವ ಆಗಿದ್ರ ಅಂತಿರಲಿಲ್ಲ."

ಅವತ್ತು ಸಂಜೆ ಇಬ್ಬರು ಕುರಿ ಕಾಯುವವರು ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಹೋದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಇನ್ನು ನಾಲ್ಕು ದಿನ.

ಆದರೆ ಮಾರನೆಯ ದಿನ ಎರಡು ಟ್ರ್ಯಾಕ್ಟರ್ ಟ್ರೇಲರು ಭರ್ತಿ ಕಣಕಿ ಮಾಲಕನ ಡೇರೆಗೆ ಬಂತು. ಈ ಊರಿನಲ್ಲಿ ಕಣಕಿ ಎಲ್ಲಿಂದ? ಟ್ರೇಲರಿನ ಮೇಲೆ ಕಾಕಾ ಕೂತಿದ್ದ. ಸುಟ್ಟುಬಿಟ್ಟೆ ಎಂದು ಹೇಳಿದ್ದ ಬಣವಿಯನ್ನು ಹಿತ್ತಲಲ್ಲಿ ತಗಡು ಮುಚ್ಚಿ ಇಟ್ಟಿದ್ದನಂತೆ.

"ಏನ್ ಕಾಕಾ ಇದು? ವೈರಿಗೆ ಮೇವು ಮಾರ್ತೀರಲ್ಲ!"

"ನೀನ ಹೇಳಿದ್ದಿ, ವೈರಿ ಖರ್ಚ ಮಾಡಿ ಮಾಡಿ ಸೋಲಬೇಕಂತ. ನಾ ಖರ್ಚ ಮಾಡಸಾಕತ್ತೇನಿ. ದುಪ್ಪಟ್ಟ ಮಾಡಸೇನಿ." ಟ್ರೇಲರಿನ ಮೇಲಿಂದಲೇ ಬಗ್ಗಿ ನನ್ನ ಭುಜ ತಟ್ಟಿದ. "ನಿನ್ನ ಎರಡು ಬಣವಿ ಇದ್ದಿದ್ರ ಇವತ್ತ ಏನ್ ರೇಟಿತ್ತೋ ತಮ್ಮಾ!"

ಮನೆಗೆ ಹೋಗಿ ಆ ರೇಟನ್ನು ಎರಡು ಸಲ ಲೆಕ್ಕ ಹಾಕಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಅಕ್ಕ ತಿರುಗಿ ಬಂದಳು. ಎಂಬತ್ತು ಕುರಿ, ಅವತ್ತೇ ಹುಟ್ಟಿದ ಮೂರು ಮರಿ, ಒಂದನ್ನು ಕಂಬಳಿಯಲ್ಲಿ ಎದೆಗೆ ಕಟ್ಟಿಕೊಂಡಿದ್ದಳು. ಮೂಡಲಗಿ ರಸ್ತೆಯ ಆ ರೈತನ ಕಬ್ಬನ್ನು ಅರ್ಧ ಕಡಿದ ಗ್ಯಾಂಗು, ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕಿತೆಂದು ಎದ್ದು ಹೋಗಿತ್ತು. ಕಡಿಯುವವರಿಲ್ಲ, ವಾಡಿ ಇಲ್ಲ. ಇಪ್ಪತ್ತು ದಿನದ ಮಾತು ರೈತನ ಜೊತೆ ಆಡಿದ್ದೆ. ಗ್ಯಾಂಗಿನವರ ಜೊತೆ ಆಡಿರಲಿಲ್ಲ.

ಅಕ್ಕ ನನ್ನ ಹೊಲದ ಬದುವಿನ ಮೇಲೆ ನಿಂತು ಕರಿ ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕುರಿಗಳು ಬೂದಿ ಮೂಸಿ ಸೀನಿದವು.

"ನನ್ನ ಸಲುವಾಗಿ ಸುಟ್ಟಿ, ಹೌದಿಲ್ಲೋ?"

"ಹೌದಕ್ಕಾ."

"ಭಾಳ ಚಂದ ಸುಟ್ಟಿ. ಈಗ ನನ್ನ ಕುರಿ ಏನ್ ನಿನ್ನ ತಲಿ ಮೇಯಬೇಕೇನು?"

ವಿಡಿಯೊದಲ್ಲಿದ್ದ ಆ ದೇಶದವರಿಗೆ ಹಿಂದೆ ಸರಿಯಲು ಸಾವಿರಾರು ಮೈಲಿ ನೆಲವಿತ್ತು. ಅಕ್ಕನಿಗೆ ಹನ್ನೆರಡು ಎಕರೆ ಇತ್ತು, ಅದೂ ಇನ್ನೊಬ್ಬನದು. ನಾನು ಆ ಭಾಗವನ್ನು ಸರಿಯಾಗಿ ನೋಡಿರಲಿಲ್ಲ; ಬಸ್ಸು ಬಂದಿತ್ತಲ್ಲ.

ಊರಿನ ಪಟ್ಟಿಗಳನ್ನೆಲ್ಲ ದಂಡು ಆಗಲೇ ಮೇದು ಮುಗಿಸಿತ್ತು. ಮೂರು ದಿನ ಅಕ್ಕ ಕಾಲುವೆಯ ದಂಡೆಯ ಜಾಲಿ ಕಾಯಿ, ಮನೆಮನೆಯ ಹಿತ್ತಲ ಸೊಪ್ಪು ತಂದು ಹಾಕಿದಳು. ನಾನು ಗೋಕಾಕಕ್ಕೆ ಹೋಗಿ ಒಂದು ಚೀಲ ಹಿಂಡಿ ತಂದೆ. ಸಾಲಲಿಲ್ಲ. ತಾಯಿಕುರಿಗಳ ಕೆಚ್ಚಲು ಬತ್ತಿತು. ಆ ಮೂರು ಮರಿ ಒಂದಾದ ಮೇಲೊಂದು ಸತ್ತವು. ನಾನು ಗುದ್ದಲಿ ಹಿಡಿದು ಬಂದರೆ ಅಕ್ಕ ಕಸಿದುಕೊಂಡು ತಾನೇ ತೋಡಿದಳು. ನನ್ನ ಹೊಲದಲ್ಲೇ ತೋಡಿದಳು. ಅಲ್ಲಿ ನೆಲ ಮೆತ್ತಗಿತ್ತು. "ಇನ್ನ ಎಂಟು ದಿವಸ ಹಿಂಗ ಆದ್ರ ಮೂಡಲಗಿ ಸಂತಿಗೆ ಹೊಡೀತೀನಿ, ಎಲ್ಲಾ ಮಾರಿ ಬಿಡ್ತೀನಿ" ಎಂದಳು. ಯಾವುದನ್ನು ಉಳಿಸಲು ಬೆಂಕಿ ಹಚ್ಚಿದೆನೋ ಅದನ್ನೇ ಮಾರುವ ಹಂತಕ್ಕೆ ತಂದಿದ್ದೆ.

ಮೂರನೆಯ ಮರಿ ಹೂಳಿದ ದಿನ, ಮಜ್ಜಿಗೆಗೆ ಬಂದಿದ್ದ ಆ ಮುದುಕ ಮಣ್ಣು ಎಳೆಯಲು ಕೈ ಕೊಟ್ಟ. ಇಬ್ಬರೂ ಏನೋ ಮಾತಾಡಿದರು. ಆಮೇಲೆ ಅಕ್ಕ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು, ನೇರ ಮಾಲಕನ ಡೇರೆಗೆ ನಡೆದಳು. ನಾನು ಹಿಂದೆ ಓಡಿದೆ. ಚೌಕಾಸಿ ನನ್ನ ಕಸುಬು, ಅವಳಿಗೇನು ಗೊತ್ತು?

ಬಿಳಿ ಅಂಗಿ ಈಗ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಾಲಕ ಮೊಬೈಲಿನಲ್ಲಿ ಗಾಡಿಗಾಗಿ ಯಾರನ್ನೋ ಬೇಡಿಕೊಳ್ಳುತ್ತಿದ್ದ. ಅಕ್ಕ ಕೂರಲಿಲ್ಲ.

"ನಿನ್ನ ನಲವತ್ತು ಗಬ್ಬದ ಕುರಿ ಇನ್ನ ನಡ್ಯಾಂಗಿಲ್ಲ," ಅಂದಳು. "ಹಿಂದಕ್ಕ ಹೋಗಬೇಕಂದ್ರ ಹುಕ್ಕೇರಿ ತನಕ ನಿನ್ನ ಕುರೀನ ಎಲ್ಲಾ ಮೇದಾವು. ಗಾಡ್ಯಾಗ ತುಂಬಿದ್ರ ದಿನಾ ತುಂಬೂ ಮೊದಲ ಕಂದು ಹಾಕ್ತಾವು."

"ಅದಕ್ಕ ಏನ್ ಮಾಡ್ಲಿ ಅಂತೀರಿ?"

"ಪಾಲಿಗೆ ಬಿಡು. ನಾ ಸಾಕ್ತೀನಿ. ಹುಟ್ಟಿದ ಮರ್ಯಾಗ ಅರ್ಧ ನಂದು, ಅರ್ಧ ನಿಂದು. ಉಳದ ಕಣಕಿ ಇಲ್ಲೇ ಇರ್ಲಿ. ಈ ಮುದುಕಪ್ಪ ಈಯೂತನಕ ನನ್ನ ಕೂಡ ಇರ್ಲಿ, ಅವನ ಪಗಾರ ನೀ ಕೊಡು. ಮತ್ತ ಈ ಊರಾಗ ಕುರಿ ತರುಬೂದು ನಂದು. ನೀ ಬರಬಾರದು."

ಕುರಿ ಪಾಲಿಗೆ ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕುರಿ ಒಬ್ಬರದು, ಸಾಕುವ ಕಷ್ಟ ಇನ್ನೊಬ್ಬರದು, ಮರಿ ಇಬ್ಬರದು. ಮಾಲಕ ಯೋಚನೆಗೆ ಬಿದ್ದ. ವೈರಿ ಬಾಗಿದ್ದಾನೆ, ಇನ್ನೂ ಒತ್ತಬೇಕು ಎನ್ನಿಸಿತು ನನಗೆ. "ಅರ್ಧ ಅಲ್ರಿ, ಮೂರರಾಗ ಎರಡು..." ಎಂದು ಬಾಯಿ ಹಾಕಿದೆ.

"ನೀ ಸುಮ್ನಿರು," ಅಂದಳು ಅಕ್ಕ. "ಹೋಗಿ ಹುಬ್ಬಿಗೆ ಎಣ್ಣಿ ಹಚ್ಕೋ."

ಮಾಲಕ ನಕ್ಕ. ಹದಿನಾಲ್ಕು ದಿನಗಳಲ್ಲಿ ಅವನು ನಕ್ಕದ್ದು ಎರಡೇ ಸಲ, ಎರಡೂ ನನ್ನ ಹುಬ್ಬಿನ ಮೇಲೆ. "ಆತ ಬಿಡ್ರಿ ಅಕ್ಕಾರ," ಎಂದ.

ಮರುದಿನ ಉಳಿದ ಕುರಿಗಳೊಂದಿಗೆ ಅವನು ಹೊರಟ. ಹೋಗುವಾಗ ರಸ್ತೆಯಲ್ಲಿ ಬಸ್ಸು ನಿಲ್ಲಲಿಲ್ಲ, ಕುರಿಗಳು ಬದಿಗೆ ಸರಿದು ದಾರಿ ಕೊಟ್ಟವು. ಕಾಕಾ ಮಾರಿದ ಕಣಕಿ ಅರ್ಧ ಬಣವಿಯಷ್ಟು ಉಳಿದಿತ್ತು. ಅದನ್ನು ತಿಂದು ಅಕ್ಕನ ಹಿಂಡು ಉಳಿಯಿತು, ಆ ನಲವತ್ತರಲ್ಲಿ ಮೂವತ್ತಾರು ಚೆನ್ನಾಗಿ ಈದವು. ಕಿವಿ ಸೀಳಿದ ಗುರುತಿನ ಕುರಿಗಳಿಗೆ ಮುದುಕ ತಾನೇ ನಿಂತು ಬಾಣಂತನ ಮಾಡಿದ. ಮುಂದಿನ ಚಳಿಗಾಲ ಸರದಿ ಮತ್ತೆ ಅಕ್ಕನದಾಯಿತು. ಮಾಲಕ ಊರಿಗೆ ಬರಲಿಲ್ಲ. ಪಾಲಿನ ಮರಿ ಒಯ್ಯಲು ಒಬ್ಬನನ್ನು ಕಳಿಸಿದ. ಅವನಿಗೆ ಅಕ್ಕ ಸರಿಯಾಗಿ ಅರ್ಧ ಎಣಿಸಿ ಕೊಟ್ಟಳು. ಕುಂಟು ಮರಿಯನ್ನು ಅವನ ಪಾಲಿಗೆ ಹಾಕು ಎಂದು ನಾನು ಸನ್ನೆ ಮಾಡಿದೆ, ಅವಳು ನೋಡದವಳಂತೆ ಮಾಡಿದಳು.

ಈಗ ಸುತ್ತಲಿನ ಊರುಗಳಲ್ಲಿ ಯಾರ ಮೇಲೆ ಯಾರು ಏರಿ ಬಂದರೂ ನನ್ನನ್ನು ಕೇಳಲು ಬರುತ್ತಾರೆ. ಹೊರಗಿನ ಕಬ್ಬಿನ ಏಜೆಂಟ, ತರಕಾರಿ ಎತ್ತುವ ದೊಡ್ಡ ಗಾಡಿ, ಮೊದಲ ವರ್ಷ ಪುಕ್ಕಟೆ ಬೀಜ ಕೊಡುವವನು. ನೀವೂ ಇಲ್ಲಿಯವರೆಗೆ ಓದಿದ್ದೀರಿ, ನಿಮಗೂ ಹೇಳುತ್ತೇನೆ.

ಏರಿ ಬರುವವನ ಬಲ ಎಣಿಸಬೇಡಿ, ಅವನ ದಿನದ ಊಟ ಎಣಿಸಿರಿ. ದೊಡ್ಡ ದಂಡಿಗೆ ದೊಡ್ಡ ಹೊಟ್ಟೆ, ಅದು ಒಂದು ಕಡೆ ನಿಲ್ಲದಂತೆ ಮಾಡಿದರೆ ಸಾಕು, ಉಳಿದದ್ದನ್ನು ಹಸಿವು ಮಾಡುತ್ತದೆ. ಪೂರ್ತಿ ಬರಿದು ಮಾಡಬೇಡಿ. ಅವನು ಅತ್ತ ಹೋಗಿ ನಿಮ್ಮವರ ಮೇಲೆ ಬೀಳುತ್ತಾನೆ. ಸಭೆಯಲ್ಲಿ ಎತ್ತಿದ ಕೈ ನಂಬಬೇಡಿ, ಬೈಕಿಗೆ ಎಣ್ಣೆ ಹಾಕಿಸಿ ಪ್ರತಿಯೊಬ್ಬನ ಹೊಲದ ಹಿಂಭಾಗ ನೋಡಿ ಬನ್ನಿ. ಅವನ ಆಳು ನಿಮ್ಮ ಬಾಗಿಲಿಗೆ ಬಂದರೆ ರೊಟ್ಟಿ ಕೊಡಿ, ಅವನಷ್ಟು ಖರೆ ಸುದ್ದಿ ಮತ್ಯಾರೂ ಹೇಳುವುದಿಲ್ಲ. ನಿಮ್ಮವರನ್ನು ಹಿಂದಕ್ಕೆ ಕಳಿಸುವ ಜಾಗವನ್ನು ನೀವೇ ಹೋಗಿ ನೋಡಿ, ಹೊಲದ ಒಡೆಯನನ್ನಷ್ಟೇ ಕೇಳಬೇಡಿ, ಕಬ್ಬು ಕಡಿಯುವವರ ಮುಕಾದಮನನ್ನೂ ಕೇಳಿ. ಒಂದು ಬಣವಿಯನ್ನು ಊರಿಗೆ ಹೇಳದೆ ಬೇರೆ ಇಡಿ. ಕೊನೆಗೆ ಮಾತಿಗೆ ಕೂರುವಾಗ, ಕಳೆದುಕೊಳ್ಳುವುದು ಯಾರಿಗಿದೆಯೋ ಅವರು ಮಾತಾಡಲಿ, ನೀವು ಹಿಂದೆ ನಿಲ್ಲಿ.

ಮತ್ತು ದಯವಿಟ್ಟು ಬೆಂಕಿ ಹಚ್ಚಬೇಡಿ. ನೆಲದ ಸಾರವೂ ಹೋಗುತ್ತದೆ. ಕೂಳೆ ಮುಚ್ಚಬೇಕೆಂದರೆ ರೋಟಾವೇಟರ್ ಹೊಡೆಸಿ; ನನ್ನ ಹತ್ತಿರ ಇದೆ, ದರದಲ್ಲಿ ಹೆಚ್ಚು ಜಗ್ಗಾಡುವುದಿಲ್ಲ. ಬರುವ ಮೊದಲು ಡ್ರಿಪ್ ಪೈಪು ಸುತ್ತಿ ಬದುವಿಗೆ ಇಟ್ಟಿರಿ. ಎಲ್ಲ ಎಕರೆಯದ್ದೂ.